ನಾಲ್ಕಾಣೆ ಬಡ್ಡಿ ಏರಿದಾಗ: ಕ್ರೆಡಿಟ್ ಕಾರ್ಡ್ ಸಾಲ ತೀರಿಸುವ ಲೆಕ್ಕ, ಕಾರವಾರ–ಶಿರಸಿ ಕಡೆಯವರಿಗೆ

ಕ್ರೆಡಿಟ್ ಕಾರ್ಡ್ ಬಿಲ್‌ನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಎರಡೇ ಮೊತ್ತ: ಪೂರ್ತಿ ಬಾಕಿ ಮತ್ತು ಮಿನಿಮಮ್ ಡ್ಯೂ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ). ಬಡ್ಡಿ ದರ ಕೊನೆಯ ಪುಟದ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ದರ ಏರಿಸುವ ಸುದ್ದಿಯೂ ಹತ್ತು ಆಫರ್ ಮೆಸೇಜುಗಳ ನಡುವೆ ಒಂದು ಎಸ್‌ಎಂಎಸ್ ಆಗಿ ಬಂದು ಹೋಗುತ್ತದೆ. ತಿಂಗಳಿಗೆ ಶೇ. 3.5 ಇದ್ದದ್ದು ಶೇ. 3.75 ಆಯಿತು ಎಂದು. ಊರ ಬಡ್ಡಿ ಲೆಕ್ಕದಲ್ಲಿ ಹೇಳುವುದಾದರೆ ಮೂರೂವರೆ ರೂಪಾಯಿ ಬಡ್ಡಿ ಮೂರೂಮುಕ್ಕಾಲು ಆಯಿತು, ಅಷ್ಟೇ. ನಾಲ್ಕಾಣೆ ತಾನೆ!

ಈ ನಾಲ್ಕಾಣೆ ಒಬ್ಬನ ಸಾಲವನ್ನು ಏಳು ತಿಂಗಳು ಉದ್ದ ಮಾಡುತ್ತದೆ, ಅಷ್ಟೇ ಸಾಲ ಇರುವ ಇನ್ನೊಬ್ಬನಿಗೆ ಹತ್ತು ದಿನವೂ ಹೆಚ್ಚಾಗುವುದಿಲ್ಲ. ವ್ಯತ್ಯಾಸ ದರದಲ್ಲಿಲ್ಲ, ಪ್ರತಿ ತಿಂಗಳು ಕಟ್ಟುವ ಮೊತ್ತದಲ್ಲಿದೆ. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಉಪಾಯ.

ಒಂದು ಲಕ್ಷದ ಲೆಕ್ಕ

ಕಾರ್ಡ್ ಬಾಕಿ 1,00,000 ರೂಪಾಯಿ, ಬಡ್ಡಿ ತಿಂಗಳಿಗೆ ಶೇ. 3.5, ಹೊಸ ಖರೀದಿ ಏನೂ ಇಲ್ಲ ಎಂದು ಇಟ್ಟುಕೊಳ್ಳಿ. ಮೊದಲ ತಿಂಗಳ ಬಡ್ಡಿ 3,500. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 630. ಒಟ್ಟು 4,130. ಪರ್ಸನಲ್ ಲೋನ್ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡ್ ಬಡ್ಡಿಗೆ ಇದೆ. ಇದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ದರ ಶೇ. 3.75ಕ್ಕೆ ಏರಿದರೆ ಬಡ್ಡಿ 3,750, ಜಿಎಸ್‌ಟಿ 675, ಒಟ್ಟು 4,425.

ಈಗ ಪ್ರತಿ ತಿಂಗಳು ಎಷ್ಟು ಕಟ್ಟಿದರೆ ಎಷ್ಟು ತಿಂಗಳಿಗೆ ತೀರುತ್ತದೆ ನೋಡಿ:

- ತಿಂಗಳಿಗೆ 5,000: ಹಳೆ ದರದಲ್ಲಿ ಸುಮಾರು 43 ತಿಂಗಳು, ಒಟ್ಟು 2.16 ಲಕ್ಷ. ಹೊಸ ದರದಲ್ಲಿ 50 ತಿಂಗಳು, ಒಟ್ಟು 2.5 ಲಕ್ಷ.
- ತಿಂಗಳಿಗೆ 6,000: ಹಳೆ ದರದಲ್ಲಿ 29 ತಿಂಗಳು, ಹೊಸ ದರದಲ್ಲಿ 31.
- ತಿಂಗಳಿಗೆ 10,000: ಹಳೆ ದರದಲ್ಲಿ ಹದಿಮೂರು ತಿಂಗಳು ಚಿಲ್ಲರೆ, ಒಟ್ಟು 1.32 ಲಕ್ಷ. ಹೊಸ ದರದಲ್ಲಿ ಹದಿಮೂರೂವರೆ, ಒಟ್ಟು 1.35 ಲಕ್ಷ.

5,000 ಕಟ್ಟುವವನು ಬಡ್ಡಿಯ ಅಂಚಿನಲ್ಲೇ ನಿಂತಿದ್ದಾನೆ. ಅವನ ಹಣದಲ್ಲಿ ಅಸಲಿಗೆ ಹೋಗುತ್ತಿದ್ದದ್ದೇ 870 ರೂಪಾಯಿ. ದರ ಏರಿದ ಕೂಡಲೇ ಅದು 575ಕ್ಕೆ ಇಳಿಯುತ್ತದೆ. ಅದೇ ಒಂದು ಸಾವಿರ ಹೆಚ್ಚು ಹಾಕಿ 6,000 ಕಟ್ಟಿದರೆ, ಏರಿದ ದರದಲ್ಲೂ ಹತ್ತೊಂಬತ್ತು ತಿಂಗಳು ಉಳಿಯುತ್ತದೆ. ದರ ಇಳಿಸುವಂತೆ ಬ್ಯಾಂಕಿನವರಲ್ಲಿ ಗೋಗರೆಯುವುದಕ್ಕಿಂತ ಆ ಒಂದು ಸಾವಿರ ಎಲ್ಲಿಂದ ತರುವುದೆಂದು ಹುಡುಕುವುದೇ ಲಾಭದ ಕೆಲಸ.

ಮಿನಿಮಮ್ ಡ್ಯೂ ಕಟ್ಟುತ್ತಾ ಹೋದರೆ ಇದಕ್ಕಿಂತಲೂ ಕೆಟ್ಟದು, ಏಕೆಂದರೆ ಬಾಕಿ ಇಳಿದಂತೆ ಅದೂ ಇಳಿಯುತ್ತದೆ. ಬಾಕಿಯ ಶೇ. 5 ಮಿನಿಮಮ್ ಎಂದರೆ, ವರ್ಷವಿಡೀ ಒಂದೂ ತಪ್ಪದೆ ಸುಮಾರು 57,000 ಕಟ್ಟಿದ ಮೇಲೂ ಬಾಕಿ 90,000 ಉಳಿದಿರುತ್ತದೆ. ಲೇಟ್ ಫೀ ತಪ್ಪುತ್ತದೆ, ಸಾಲ ತಪ್ಪುವುದಿಲ್ಲ.

ದರ ಏರುವುದು ಯಾರ ಕೈಯಲ್ಲಿದೆ

ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಶೇ. 4ರಿಂದ ಶೇ. 6.5ಕ್ಕೆ ಏರಿಸಿತ್ತು. ಆಗ ನೇರವಾಗಿ ಹೊಡೆತ ಬಿದ್ದದ್ದು ಗೃಹಸಾಲಕ್ಕೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ದರ ಬದಲಾಗುತ್ತಿರುವ) ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿವೆ. ಕಾರ್ಡ್ ಬಡ್ಡಿಗೆ ಆ ಕೊಂಡಿ ಇಲ್ಲ, ಅದು ಬ್ಯಾಂಕಿನ ಸ್ವಂತ ನಿರ್ಧಾರ. ಹಾಗಾಗಿ ರೆಪೊ ಇಳಿದಾಗ ಕಾರ್ಡ್ ಬಡ್ಡಿ ಇಳಿಯಲೇಬೇಕು ಎಂದೇನೂ ಇಲ್ಲ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಕಾರ್ಡ್ ಸಾಲಗಳ ರಿಸ್ಕ್ ವೇಟನ್ನು ಬ್ಯಾಂಕುಗಳಿಗೆ ಶೇ. 125ರಿಂದ 150ಕ್ಕೆ ಏರಿಸಿತು. ಅಂದರೆ ಇಂಥ ಸಾಲಕ್ಕೆ ಬ್ಯಾಂಕು ಹೆಚ್ಚು ಬಂಡವಾಳ ತೆಗೆದಿಡಬೇಕು. ಅದರ ಖರ್ಚು ಕೊನೆಗೆ ಯಾರ ತಲೆಗೆ ಬರುತ್ತದೆ ಎಂದು ಹೇಳಬೇಕಾಗಿಲ್ಲ.

‘ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ, ಕೋರ್ಟ್ ಹೇಳಿದೆ’ ಎಂಬ ಮಾತು ಇನ್ನೂ ಓಡಾಡುತ್ತಿದೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಹೇಳಿದ್ದು ಹೌದು. ಆದರೆ 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿದೆ. ಆ ಆಸೆಯ ಮೇಲೆ ಕೂರಬೇಡಿ.

ನಿಮ್ಮ ಕೈಯಲ್ಲಿರುವ ಹಕ್ಕು ಬೇರೆ. 2022ರಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮಗಳ ಪ್ರಕಾರ ಶುಲ್ಕ ಬದಲಿಸುವ ಮೊದಲು ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು. ಬದಲಾವಣೆ ಒಪ್ಪಿಗೆಯಾಗದಿದ್ದರೆ ಬಾಕಿ ಕಟ್ಟಿ, ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡ್ ಮರಳಿಸಬಹುದು. ಮಿನಿಮಮ್ ಡ್ಯೂ ಕಟ್ಟಿದರೂ ಸಾಲ ಬೆಳೆಯುತ್ತಲೇ ಹೋಗುವಂತೆ ಅದನ್ನು ನಿಗದಿ ಮಾಡುವಂತಿಲ್ಲ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಬಿಲ್ ನೋಡುವಾಗ ಈ ಕೊನೆಯ ಅಂಶವನ್ನು ಒಮ್ಮೆ ತಾಳೆ ಹಾಕಿ.

ಮೊದಲ ದಿನ: ನೋಟ್‌ಬುಕ್ಕಿನ ಒಂದು ಪುಟ

ಪ್ರತಿ ಕಾರ್ಡಿಗೆ ಒಂದು ಸಾಲು. ಬಾಕಿ, ತಿಂಗಳ ಬಡ್ಡಿ ದರ, ಬಿಲ್ ತಯಾರಾಗುವ ದಿನ, ಕಟ್ಟುವ ಕೊನೆಯ ದಿನ, ಮಿನಿಮಮ್, ಅದರೊಳಗೆ ಈಗಾಗಲೇ ಓಡುತ್ತಿರುವ ಇಎಂಐ ಎಷ್ಟು, ನಗದು ತೆಗೆದದ್ದು ಇದೆಯೇ. ಎಟಿಎಂನಲ್ಲಿ ಕಾರ್ಡ್ ಹಾಕಿ ತೆಗೆದ ನಗದಿಗೆ ಬಡ್ಡಿರಹಿತ ದಿನಗಳೇ ಇಲ್ಲ, ತೆಗೆದ ದಿನದಿಂದ ಬಡ್ಡಿ, ಜೊತೆಗೆ ತೆಗೆದದ್ದಕ್ಕೆ ಪ್ರತ್ಯೇಕ ಶುಲ್ಕ. ಅದು ಇದ್ದರೆ ಕೆಂಪು ಶಾಯಿಯಲ್ಲಿ ಬರೆಯಿರಿ.

ಪಕ್ಕದಲ್ಲೇ ಉಳಿದ ಸಾಲಗಳನ್ನೂ ಬರೆಯಿರಿ: ಸೊಸೈಟಿ ಸಾಲ, ಸಂಘದ ಸಾಲ, ಬಂಗಾರದ ಸಾಲ, ಬೈಕಿನ ಕಂತು, ಆ್ಯಪ್ ಸಾಲ, ಅಂಗಡಿ ಉದ್ರಿ. ಮನೆಯವರಿಗೆ ಈ ಪುಟ ತೋರಿಸುವುದು ಕಷ್ಟದ ಕೆಲಸ, ಗೊತ್ತು. ಆದರೆ ಮುಂದೆ ಬಂಗಾರ, ಠೇವಣಿ, ಅಡಿಕೆ ಎಂದು ಯಾವುದನ್ನು ಮುಟ್ಟಬೇಕಾದರೂ ಅವರ ಒಪ್ಪಿಗೆ ಬೇಕೇ ಬೇಕು.

ಕಾರ್ಡಿಗೆ ಬೀಗ

ಪೂರ್ತಿ ಬಾಕಿ ಕಟ್ಟದೆ ಮುಂದಕ್ಕೆ ಒಯ್ದ ತಿಂಗಳಿಂದ ಬಡ್ಡಿರಹಿತ ಅವಧಿ ಹೊಸ ಖರೀದಿಗೂ ಹೋಯಿತು. ಇವತ್ತು ಕಾರ್ಡಿನಲ್ಲಿ ಹಾಕಿಸಿದ 500 ರೂಪಾಯಿ ಪೆಟ್ರೋಲಿಗೆ ಇವತ್ತಿನಿಂದಲೇ ಬಡ್ಡಿ. ರಿವಾರ್ಡ್ ಪಾಯಿಂಟ್ ಸಿಗುತ್ತದಲ್ಲ ಎಂದರೆ, ನೂರಕ್ಕೆ ಒಂದು ರೂಪಾಯಿ ಗಳಿಸಲು ನಾಲ್ಕು ರೂಪಾಯಿ ಕೊಟ್ಟಂತೆ.

ಕಾರ್ಡನ್ನು ಕಪಾಟಿನಲ್ಲಿಟ್ಟರೆ ಸಾಲದು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಚಹಾ, ಮೀನು, ತರಕಾರಿ ಎಲ್ಲವೂ ಸ್ಕ್ಯಾನ್ ಮಾಡುತ್ತಲೇ ಸಾಲವಾಗುತ್ತದೆ. ಆ್ಯಪ್‌ನಿಂದ ಕಾರ್ಡ್ ತೆಗೆದುಹಾಕಿ. ಶಾಪಿಂಗ್ ತಾಣಗಳಲ್ಲಿ ಉಳಿಸಿದ ಕಾರ್ಡನ್ನು ಅಳಿಸಿ. ಸಿನಿಮಾ, ಸಂಗೀತ, ಕ್ಲೌಡ್ ಚಂದಾಗಳ ಆಟೋಪೇ ರದ್ದು ಮಾಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್, ಟ್ಯಾಪ್, ವಿದೇಶಿ ವ್ಯವಹಾರಗಳನ್ನು ಆಫ್ ಮಾಡುವ ಸ್ವಿಚ್ ಇರುತ್ತದೆ, ಎಲ್ಲವನ್ನೂ ಆಫ್ ಮಾಡಿ. ಕಾರ್ಡನ್ನು ಈಗಲೇ ಮುಚ್ಚಿಸಲು ಹೋಗಬೇಡಿ, ಬಾಕಿ ಇರುವಾಗ ಅದು ಆಗುವುದೂ ಇಲ್ಲ.

ಚೌತಿ ಮತ್ತು ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆ, ಇವೆರಡರ ಖರ್ಚನ್ನು ನಗದಿನಲ್ಲಿ ಮೊದಲೇ ಎತ್ತಿಡಿ. ಬೀಗ ಹಾಕಿದ ಕಾರ್ಡುಗಳು ಮತ್ತೆ ಹೊರಬರುವುದು ಹೆಚ್ಚಾಗಿ ಆ ವಾರದಲ್ಲೇ.

ಕಂತು ಕಟ್ಟುವುದು ಮಳೆಗಾಲ ನೋಡಿಕೊಂಡು

ಪೇಟೆಯ ಸಂಬಳದಾರರಿಗೆ ಬರೆದ ಸಲಹೆಗಳೆಲ್ಲ ‘ಪ್ರತಿ ತಿಂಗಳು ಇಷ್ಟು’ ಎನ್ನುತ್ತವೆ. ಕೈಗಾ, ನೌಕಾನೆಲೆ, ಬಿಣಗಾದ ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಅದು ಸರಿ. ಸಂಬಳ ಬಂದ ದಿನವೇ ನಿಗದಿತ ಮೊತ್ತ ಕಟ್ಟಿ, ಉಳಿದದ್ದರಲ್ಲಿ ತಿಂಗಳು ನಡೆಸಬೇಕು. ಕೊನೆಯ ದಿನದವರೆಗೆ ಕಾಯುವುದು ದಂಡ. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ 20,000 ರೂಪಾಯಿಯನ್ನು ಹದಿನೈದು ದಿನ ಮೊದಲು ಕಟ್ಟಿದರೆ ಜಿಎಸ್‌ಟಿ ಸೇರಿ ಸುಮಾರು 400 ರೂಪಾಯಿ ಉಳಿಯುತ್ತದೆ.

ದೋಣಿಯ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೈತಖೋಲದಲ್ಲಾಗಲಿ, ತದಡಿಯಲ್ಲಾಗಲಿ ಬೋಟಿನ ಪಾಲು ಬರುವುದು ಹತ್ತು ತಿಂಗಳು, ಬಿಲ್ ಬರುವುದು ಹನ್ನೆರಡು ತಿಂಗಳು. ತಿಂಗಳ ಗುರಿ 6,000 ಇದ್ದರೆ ಎರಡು ತಿಂಗಳ 12,000ವನ್ನು ಹತ್ತಕ್ಕೆ ಹಂಚಿ, ಆಗಸ್ಟಿನಿಂದ ಮೇವರೆಗೆ 7,200 ತೆಗೆಯಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮೇ ತಿಂಗಳಲ್ಲಿ ಹೆಚ್ಚು ಕಟ್ಟಿಬಿಟ್ಟೆ, ಜೂನ್‌ಗೆ ಚಿಂತೆಯಿಲ್ಲ ಎಂದುಕೊಂಡರೆ ತಪ್ಪು. ಹೆಚ್ಚು ಕಟ್ಟಿದ್ದರಿಂದ ಬಾಕಿ ಇಳಿಯುತ್ತದೆ, ಮುಂದಿನ ಬಿಲ್‌ನ ಮಿನಿಮಮ್ ಮಾಫಿಯಾಗುವುದಿಲ್ಲ. ಆದ್ದರಿಂದ ಎರಡು ಮಿನಿಮಮ್‌ನಷ್ಟು ಹಣವನ್ನು ಬೇರೆ ಬ್ಯಾಂಕಿನ ಉಳಿತಾಯ ಖಾತೆಯಲ್ಲಿಟ್ಟು, ಅದಕ್ಕಿಂತ ಮೇಲಿನದನ್ನು ಮಾತ್ರ ಮುಂಚಿತವಾಗಿ ಕಾರ್ಡಿಗೆ ಹಾಕಿ. ಮಳೆಗಾಲದಲ್ಲಿ ವ್ಯಾಪಾರ ಕುಗ್ಗುವ ಗೋಕರ್ಣ, ಮುರ್ಡೇಶ್ವರದ ಅಂಗಡಿ, ಹೋಂಸ್ಟೇಗಳವರಿಗೂ ಇದೇ ಕ್ರಮ.

ಘಟ್ಟದ ಮೇಲೆ ಅಡಿಕೆ ಬೆಳೆಗಾರರ ಸಮಸ್ಯೆ ಹಣವಿಲ್ಲದ್ದಲ್ಲ, ಹಣ ಅಟ್ಟದ ಮೇಲೆ ಚೀಲದಲ್ಲಿ ಕೂತಿರುವುದು. ದರ ಬರಲಿ ಎಂದು ಚಾಲಿ (ಒಣಗಿಸಿ ಸುಲಿದ ಅಡಿಕೆ) ಇಟ್ಟುಕೊಳ್ಳುವುದು ರೂಢಿ, ಎಷ್ಟೋ ಸಲ ಲಾಭವೂ ಹೌದು. ಕಾರ್ಡ್ ಸಾಲ ಇರುವಾಗ ಮಾತ್ರ ಈ ಲೆಕ್ಕ ಹಾಕಿ: ಕ್ವಿಂಟಲ್‌ಗೆ 40,000 ಇದೆ ಎಂದಿಟ್ಟುಕೊಂಡರೆ, ಕಾರ್ಡಿನ ತಿಂಗಳ ಶೇ. 4.13ಕ್ಕೆ ಸರಿದೂಗಲು ದರ ತಿಂಗಳಿಗೆ 1,650 ರೂಪಾಯಿ ಏರಬೇಕು. ಮೂರು ತಿಂಗಳು ಕಾದರೆ 45,000 ದಾಟಿರಬೇಕು. ದಾಟದಿದ್ದರೆ ಕಾದದ್ದೇ ನಷ್ಟ. ಎಲ್ಲವನ್ನೂ ಮಾರಿ ಎನ್ನುತ್ತಿಲ್ಲ. ಹತ್ತು ಕ್ವಿಂಟಲ್ ಇದ್ದು ಕಾರ್ಡಿನ ಬಾಕಿ ಒಂದೂವರೆ ಲಕ್ಷವಿದ್ದರೆ ನಾಲ್ಕು ಕ್ವಿಂಟಲ್ ಮಾರಿ ಬಾಕಿ ಮುಗಿಸಿ, ಆರು ಕ್ವಿಂಟಲ್‌ನ ಮೇಲೆ ನೆಮ್ಮದಿಯಿಂದ ದರ ಕಾಯಿರಿ. ಸೊಸೈಟಿಯಲ್ಲಿ ಅಡಿಕೆ ಹಾಕುವಾಗ ಅಲ್ಲಿನ ಸಾಲಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ, ಕೈಗೆ ಬರುವ ಮೊತ್ತ ಅದನ್ನು ಕಳೆದ ಮೇಲಿನದು.

ದಿನದ ವ್ಯಾಪಾರಸ್ಥರು ಹೆಚ್ಚಿನವರು ಪಿಗ್ಮಿ ಕಟ್ಟುತ್ತಾರೆ. ದಿನಕ್ಕೆ 200 ಎಂದರೆ ತಿಂಗಳಿಗೆ 6,000. ಒಳ್ಳೆಯ ಶಿಸ್ತು. ಆದರೆ ಅಲ್ಲಿ ಸಿಗುವ ಬಡ್ಡಿ ವರ್ಷದ್ದು, ಇಲ್ಲಿ ಕೊಡುವ ಬಡ್ಡಿ ತಿಂಗಳದ್ದು. ಸಾಲ ತೀರುವವರೆಗೆ ಪಿಗ್ಮಿಯನ್ನು 50 ರೂಪಾಯಿಗೆ ಇಳಿಸಿ, ಉಳಿದ 150ನ್ನು ವಾರಕ್ಕೊಮ್ಮೆ ಕಾರ್ಡಿಗೆ ಹಾಕಿ. ಅವಧಿಗೆ ಮೊದಲು ಪಿಗ್ಮಿ ಮುರಿದರೆ ಎಷ್ಟು ಕಡಿತ ಎಂದು ಪುಸ್ತಕದ ಹಿಂಬದಿಯಲ್ಲಿರುವ ನಿಯಮ ಓದಿ. ಸಣ್ಣ ಕಡಿತವಾದರೆ ಮುರಿಯುವುದೇ ಲಾಭ.

ದುಬಾರಿ ಸಾಲ ತೆಗೆದು ಅಗ್ಗದ ಸಾಲ ಹಾಕುವುದು

ಮೊದಲು ಸಾಲವಲ್ಲದ ಹಣ. ಶೇ. 7ರ ಠೇವಣಿ ಇಟ್ಟುಕೊಂಡು ವರ್ಷಕ್ಕೆ ಜಿಎಸ್‌ಟಿ ಸೇರಿ ಶೇ. 50ರ ಹತ್ತಿರದ ಸಾಲ ಹೊರುವುದರಲ್ಲಿ ಅರ್ಥವಿಲ್ಲ. ಒಂದು ತಿಂಗಳ ಮನೆಖರ್ಚು ಮತ್ತು ಆಸ್ಪತ್ರೆಗೆಂದು ಸ್ವಲ್ಪ ಇಟ್ಟು, ಉಳಿದ ಠೇವಣಿ ಮುರಿಯಿರಿ. ಎಲ್‌ಐಸಿ ಪಾಲಿಸಿಗೆ ಸರೆಂಡರ್ ಮೌಲ್ಯ (ನಡುವೆ ನಿಲ್ಲಿಸಿದರೆ ಸಿಗುವ ಹಣ) ಬಂದಿದ್ದರೆ ಅದರ ಮೇಲೆ ಸಾಲ ಸಿಗುತ್ತದೆ. ಪಿಪಿಎಫ್ ಖಾತೆಯ ಮೂರನೆಯ ವರ್ಷದಿಂದ ಆರನೆಯ ವರ್ಷದವರೆಗೆ ಪಿಪಿಎಫ್ ಬಡ್ಡಿಗಿಂತ ಶೇ. 1 ಮಾತ್ರ ಹೆಚ್ಚಿಗೆ ಸಾಲವಿದೆ. ಮೊತ್ತ ಸಣ್ಣದು, ಆದರೆ ಇದಕ್ಕಿಂತ ಅಗ್ಗದ ಸಾಲ ಸಿಗುವುದು ಕಷ್ಟ.

ಪರ್ಸನಲ್ ಲೋನ್ ಅಥವಾ ಸಹಕಾರಿ ಸಂಘದ ಸದಸ್ಯ ಸಾಲ ವರ್ಷಕ್ಕೆ ಶೇ. 14 ಎಂದಿಟ್ಟುಕೊಳ್ಳಿ. ಒಂದು ಲಕ್ಷಕ್ಕೆ 24 ತಿಂಗಳ ಕಂತು ಸುಮಾರು 4,800, ಒಟ್ಟು 1.15 ಲಕ್ಷ. ಶೇ. 2 ಪ್ರೊಸೆಸಿಂಗ್ ಶುಲ್ಕ ಮತ್ತು ಅದರ ಜಿಎಸ್‌ಟಿ ಸೇರಿಸಿದರೂ 1.18 ಲಕ್ಷ ದಾಟದು. ಅಂದರೆ ಕಾರ್ಡಿನ ಮಿನಿಮಮ್‌ಗಿಂತ ಕಡಿಮೆ ಕಂತಿನಲ್ಲಿ ಎರಡೇ ವರ್ಷಕ್ಕೆ ಪೂರ್ತಿ ಮುಕ್ತಿ. ಸಂಘದಲ್ಲಿ ಜಾಮೀನುದಾರರು ಬೇಕು. ಜಾಮೀನು ನಿಂತವರು ಸಂತೆಯಲ್ಲಿ, ಮದುವೆ ಮನೆಯಲ್ಲಿ ಎದುರಾಗುವವರೇ. ಅದು ಮುಜುಗರವೂ ಹೌದು, ಕಂತು ತಪ್ಪದಂತೆ ಕಾಯುವ ಕಾವಲೂ ಹೌದು.

ಕಾರ್ಡಿನ ಬಾಕಿಯನ್ನೇ ಇಎಂಐ ಮಾಡಿಸುವ ಕರೆ ಬ್ಯಾಂಕಿನಿಂದಲೇ ಬರುತ್ತದೆ. ತಿಂಗಳಿಗೆ ಶೇ. 1.5, ಇಳಿಕೆ ಬಾಕಿಯ (ಆಗ ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ) ಲೆಕ್ಕದಲ್ಲಿ ಒಂದು ಲಕ್ಷಕ್ಕೆ ಹನ್ನೆರಡು ಕಂತು ಎಂದರೆ ಕಂತು 9,168. ಬಡ್ಡಿ ಸುಮಾರು 10,000, ಅದರ ಮೇಲೆ ಜಿಎಸ್‌ಟಿ 1,800. ಒಪ್ಪುವ ಮೊದಲು ಮೂರು ಪ್ರಶ್ನೆ. ದರ ಫ್ಲಾಟ್‌ (ಕೊನೆಯವರೆಗೂ ಮೂಲ ಮೊತ್ತದ ಮೇಲೆಯೇ ಬಡ್ಡಿ) ಆಗಿದೆಯೋ, ಇಳಿಕೆ ಬಾಕಿಯದೋ? ವರ್ಷಕ್ಕೆ ಶೇ. 12 ಫ್ಲಾಟ್ ಎಂದರೆ ನಿಜವಾದ ದರ ಶೇ. 21ರ ಮೇಲೆ. ನಡುವೆ ಮುಗಿಸಿದರೆ ದಂಡ ಎಷ್ಟು? ಇಎಂಐ ಆಗದೆ ಉಳಿಯುವ ಬಾಕಿ ಎಷ್ಟು? ಇಎಂಐ ಕಂತು ಪೂರ್ತಿಯಾಗಿ ಮಿನಿಮಮ್ ಡ್ಯೂ ಒಳಗೆ ಸೇರುತ್ತದೆ. ಹಾಗಾಗಿ ಇದುವರೆಗೆ 5,000 ಕಟ್ಟುತ್ತಿದ್ದವರಿಗೆ ಮುಂದಿನ ಬಿಲ್‌ನಲ್ಲಿ ಏಕಾಏಕಿ ಒಂಬತ್ತು ಸಾವಿರ ಚಿಲ್ಲರೆ ಕಾಣುತ್ತದೆ. ಕೈಯಲ್ಲಿ ಅಷ್ಟು ಓಡಾಟವಿಲ್ಲದಿದ್ದರೆ 24 ಕಂತು ಕೇಳಿ. ಇನ್ನೊಂದು ಕಾರ್ಡಿಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡುವುದು, ಕಡಿಮೆ ಬಡ್ಡಿಯ ಆ ಕೆಲವೇ ತಿಂಗಳಲ್ಲಿ ತೀರಿಸುವುದು ಖಚಿತವಿದ್ದರೆ ಮಾತ್ರ.

ಬಂಗಾರದ ಸಾಲ ಬೇಗ ಸಿಗುತ್ತದೆ, ಬಡ್ಡಿಯೂ ಕಡಿಮೆ. ರಿಸರ್ವ್ ಬ್ಯಾಂಕಿನ 2025ರ ನಿಯಮಗಳ ಪ್ರಕಾರ 2026ರ ಏಪ್ರಿಲ್ 1ರಿಂದ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ. 85, ಐದು ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75 ಮಿತಿ. ವರ್ಷದ ಕೊನೆಗೆ ಅಸಲು-ಬಡ್ಡಿ ಒಟ್ಟಿಗೆ ಕಟ್ಟುವ ಸಾಲಕ್ಕೆ ಈ ಮಿತಿಯನ್ನು ಬಡ್ಡಿ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಒಂದು ಮಾತು ಮರೆಯಬೇಡಿ: ಕಾರ್ಡ್ ಸಾಲಕ್ಕೆ ಅಡಮಾನ ಇರಲಿಲ್ಲ, ಈಗ ಮನೆಯಾಕೆಯ ಸರ ಅಡಮಾನಕ್ಕೆ ಹೋಯಿತು. ಕಾರ್ಡಿಗೆ ಕಟ್ಟುತ್ತಿದ್ದ ಅದೇ ಮೊತ್ತವನ್ನು ಬಂಗಾರದ ಸಾಲಕ್ಕೆ ತಿಂಗಳು ತಿಂಗಳು ಕಟ್ಟುತ್ತಾ ಹೋಗುವ ಯೋಜನೆ ಇಲ್ಲದಿದ್ದರೆ ಇದನ್ನು ಮುಟ್ಟಬೇಡಿ. ಸರ ಅಡವಿಟ್ಟು ಕಾರ್ಡ್ ಖಾಲಿ ಮಾಡಿ, ಆರು ತಿಂಗಳಲ್ಲಿ ಕಾರ್ಡನ್ನೂ ಮತ್ತೆ ತುಂಬಿಸಿದರೆ ಎರಡು ಸಾಲ ಉಳಿಯುತ್ತವೆ.

ಗೃಹಸಾಲ ಇದ್ದವರಿಗೆ ಇನ್ನೊಂದು ದಾರಿಯಿದೆ. 20 ಲಕ್ಷ, 20 ವರ್ಷದ ಸಾಲದ ದರ ಶೇ. 7ರಿಂದ 9.5ಕ್ಕೆ ಏರಿದರೆ ಕಂತು 15,506ರಿಂದ 18,643ಕ್ಕೆ ಹೋಗುತ್ತದೆ. ದರ ಬದಲಾದಾಗ ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂಬ ಆಯ್ಕೆ ಸಾಲಗಾರನಿಗೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಅವಧಿ ಬೆಳೆಸುವುದು ಕೆಟ್ಟದ್ದೆಂದು ಎಲ್ಲರೂ ಹೇಳುತ್ತಾರೆ. ಕಾರ್ಡ್ ಸಾಲ ಇರುವವರೆಗೆ ಅದೇ ಸರಿ. ಆ 3,000 ರೂಪಾಯಿಯನ್ನು ಶೇ. 9.5ರ ಸಾಲಕ್ಕೆ ಹಾಕುವ ಬದಲು ಶೇ. 42ರ ಸಾಲಕ್ಕೆ ಹಾಕಿ. ಕಾರ್ಡ್ ತೀರಿದ ತಿಂಗಳು ಬ್ಯಾಂಕಿಗೆ ಹೋಗಿ ಕಂತು ಏರಿಸಿ.

ಮುಟ್ಟಬಾರದವು: ಶೂನ್ಯ ಬಡ್ಡಿಯ ಬೆಳೆಸಾಲ (ಅವಧಿಯೊಳಗೆ ಮರಳಿಸದಿದ್ದರೆ ರಿಯಾಯಿತಿಯೇ ಹೋಗುತ್ತದೆ, ಮುಂದಿನ ವರ್ಷದ ಗೊಬ್ಬರಕ್ಕೂ ಕುತ್ತು), ಆ್ಯಪ್ ಸಾಲ, ಮೀಟರ್ ಬಡ್ಡಿ. ಪರಿಚಯದ ಅಂಗಡಿಯಲ್ಲಿ ಕಾರ್ಡ್ ಸ್ವೈಪ್ ಮಾಡಿಸಿ ಕಮಿಷನ್ ಕೊಟ್ಟು ನಗದು ತರುವ ‘ತಿರುಗಿಸುವ’ ಆಟವೂ ಇದೇ ಪಟ್ಟಿಗೆ. ನೂರಕ್ಕೆ ಎರಡೂವರೆ ಕಮಿಷನ್ ಎಂದರೆ ವರ್ಷಕ್ಕೆ ಶೇ. 30, ಅಸಲು ಒಂದು ಪೈಸೆ ಇಳಿಯುವುದಿಲ್ಲ, ಬ್ಯಾಂಕಿಗೆ ಅನುಮಾನ ಬಂದು ಕಾರ್ಡ್ ಬ್ಲಾಕ್ ಆದ ದಿನ ಎಲ್ಲವೂ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ.

ಯಾವ ಕಾರ್ಡ್ ಮೊದಲು

ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ ಎಂಬುದು ಪುಸ್ತಕದ ಉತ್ತರ. ಆದರೆ ಎರಡು ಕಾರ್ಡುಗಳ ನಡುವೆ ವ್ಯತ್ಯಾಸ 3.5 ಮತ್ತು 3.75 ಅಷ್ಟೇ ಇದ್ದರೆ, ಸಣ್ಣ ಬಾಕಿಯದನ್ನು ಮೊದಲು ಮುಗಿಸುವುದು ಒಳ್ಳೆಯದು. ಒಂದು ಮಿನಿಮಮ್ ತಪ್ಪುತ್ತದೆ, ಒಂದು ಲೇಟ್ ಫೀಯ ಭಯ ತಪ್ಪುತ್ತದೆ, ಆ ಹಣ ದೊಡ್ಡದಕ್ಕೆ ಹೋಗುತ್ತದೆ. ನಗದು ತೆಗೆದ ಬಾಕಿ ಇರುವ ಕಾರ್ಡ್ ಮಾತ್ರ ಯಾವಾಗಲೂ ಮೊದಲು. ಉಳಿದೆಲ್ಲ ಕಾರ್ಡಿಗೂ ಮಿನಿಮಮ್ ತಪ್ಪದೆ ಹೋಗುತ್ತಿರಲಿ.

ಕಟ್ಟುವಾಗ ಆಗುವ ತಪ್ಪುಗಳು

ಕೊನೆಯ ದಿನ ದಾಟಿ ಮೂರು ದಿನದವರೆಗೆ ಬಾಕಿಯನ್ನು ತಡ ಎಂದು ತೋರಿಸುವಂತಿಲ್ಲ, ಲೇಟ್ ಫೀ ಹಾಕುವಂತಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದು ಕೂರಬೇಡಿ. ಬೇರೆ ಆ್ಯಪ್‌ನಿಂದ ಕಟ್ಟಿದ್ದು ಕಾರ್ಡಿಗೆ ಜಮಾ ಆಗಲು ಒಂದೆರಡು ಕೆಲಸದ ದಿನ ಬೇಕಾಗಬಹುದು. ಆಷಾಢದ ಮಳೆಯಲ್ಲಿ ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬ ವಾರಗಳಿರುತ್ತವೆ. ಐದು ದಿನ ಮೊದಲೇ ಕಟ್ಟಿ. ಬಿಲ್ ದಿನಾಂಕ ನಿಮ್ಮ ಆದಾಯದ ದಿನಕ್ಕೆ ಹೊಂದದಿದ್ದರೆ ಬದಲಿಸಿಕೊಡಲು ಕೇಳಿ, ಕನಿಷ್ಠ ಒಮ್ಮೆ ಬದಲಿಸುವ ಅವಕಾಶ ಕೊಡಲೇಬೇಕು.

ಆಟೋ ಡೆಬಿಟ್ ಹಾಕಿದ್ದರೆ ಖಾತೆಯಲ್ಲಿ ಹಣ ಇರಲಿ. ಕಾರ್ಡ್ ಬಾಕಿ ಉಳಿಸಿಕೊಳ್ಳುವುದು ಸಿವಿಲ್ ವಿಷಯ. ಆದರೆ ಬ್ಯಾಂಕ್ ಮ್ಯಾಂಡೇಟ್ (ಖಾತೆಯಿಂದ ಹಣ ಕಡಿತಕ್ಕೆ ನೀವು ಕೊಟ್ಟ ಒಪ್ಪಿಗೆ) ಹಣವಿಲ್ಲದೆ ವಾಪಸಾದರೆ ಪಾವತಿ ವ್ಯವಸ್ಥೆಗಳ 2007ರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸ್‌ನಂತೆಯೇ ಕೇಸ್ ಆಗಬಹುದು. ಸಂಬಳದ ಖಾತೆಯೂ ಕಾರ್ಡೂ ಒಂದೇ ಬ್ಯಾಂಕಿನದಾದರೆ, ಕಾರ್ಡಿನ ಕರಾರಿನಲ್ಲಿ ಖಾತೆಯಿಂದ ಬಾಕಿ ಮುರಿದುಕೊಳ್ಳುವ ಷರತ್ತು ಸಾಮಾನ್ಯವಾಗಿ ಇರುತ್ತದೆ ಎಂಬುದೂ ನೆನಪಿರಲಿ.

ಕಟ್ಟಲು ಆಗುತ್ತಲೇ ಇಲ್ಲವೆಂದಾಗ

ಮಿನಿಮಮ್ ಕೂಡ ಕಟ್ಟದೆ ಕೊನೆಯ ದಿನದಿಂದ 90 ದಿನ ಕಳೆದರೆ ಖಾತೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಅಂದರೆ ಎನ್‌ಪಿಎ. ಅದಕ್ಕೆ ಮೊದಲೇ ಬ್ಯಾಂಕಿಗೆ ಬರೆಯಿರಿ. ಊರಿನ ಶಾಖೆಯವರು ‘ಕಾರ್ಡ್ ವಿಭಾಗ ಬೇರೆ, ನಮ್ಮ ಕೈಲಿಲ್ಲ’ ಎನ್ನುತ್ತಾರೆ, ಅದು ಬಹುಮಟ್ಟಿಗೆ ನಿಜವೇ. ಪತ್ರಕ್ಕೆ ಅಲ್ಲಿ ಸೀಲು-ಸಹಿಯ ಪ್ರತಿ ಪಡೆದು, ಅದನ್ನೇ ಕಾರ್ಡ್ ವಿಭಾಗದ ಇಮೇಲಿಗೆ ಕಳಿಸಿ. ಪತ್ರದಲ್ಲಿ ಕಥೆ ಬೇಡ. ಕಾರ್ಡಿನ ಕೊನೆಯ ನಾಲ್ಕು ಅಂಕಿ, ಆದಾಯ ಏಕೆ ಕುಸಿಯಿತು ಎಂಬುದು ಎರಡು ಸಾಲಿನಲ್ಲಿ, ದಾಖಲೆ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ ಎಂಬ ಖಚಿತ ಮೊತ್ತ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತು ಸಾಲವಾಗಿ ಬದಲಿಸಿ ಎಂಬ ಕೋರಿಕೆ. ಕಟ್ಟಬಲ್ಲೆ ಎಂದು ಬರೆದ ಮೊತ್ತವನ್ನು ಉತ್ತರಕ್ಕೆ ಕಾಯದೆ ಅದೇ ತಿಂಗಳಿಂದ ಕಟ್ಟಲು ಶುರುಮಾಡಿ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವುದು, ನೆಂಟರಿಗೆ, ಸಹೋದ್ಯೋಗಿಗಳಿಗೆ ಫೋನ್ ಮಾಡಿ ಮಾನ ಕಳೆಯುವುದು ನಿಯಮಬಾಹಿರ. ಕರೆಗಳನ್ನು ರೆಕಾರ್ಡ್ ಮಾಡಿ, ದಿನಾಂಕ ಬರೆದಿಡಿ, ಮೊದಲು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಉಚಿತ, ಮಾಹಿತಿಗೆ 14448.

ಬ್ಯಾಂಕ್ ಕೋರ್ಟಿಗೆ ಹೋಗಿ ಡಿಕ್ರಿ (ತೀರ್ಪಿನ ಆದೇಶ) ಪಡೆದರೂ ಸಂಬಳ ಪೂರ್ತಿ ಜಪ್ತಿಯಾಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಲೋಕ ಅದಾಲತ್ ನೋಟಿಸ್ ಬಂದರೆ ಹೆದರದೆ ಹೋಗಿ, ಕಂತಿನ ಮಾತುಕತೆಗೆ ಅದು ಒಳ್ಳೆಯ ಜಾಗ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ್ದು ಡಿಕ್ರಿಗೆ ಸಮ, ಅಪೀಲು ಇಲ್ಲ. ಕೈಲಾಗದ ಮೊತ್ತಕ್ಕೆ ಮುಲಾಜಿಗೆ ಒಪ್ಪಬೇಡಿ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಲಹೆ ಸಿಗುತ್ತದೆ, ಸಹಾಯವಾಣಿ 15100.

ಸೆಟಲ್‌ಮೆಂಟ್ ಕೊನೆಯ ಉಪಾಯ. ಫೋನಿನಲ್ಲಿ ‘ಅರ್ಧಕ್ಕೆ ಮುಗಿಸಿ ಕೊಡುತ್ತೇವೆ’ ಎಂದರೆ ಬ್ಯಾಂಕಿನ ಲೆಟರ್‌ಹೆಡ್ ಪತ್ರ ಬರುವವರೆಗೆ ಒಂದು ರೂಪಾಯಿಯೂ ಕಟ್ಟಬೇಡಿ. ಬಂದ ಮೇಲೂ ಏಜೆಂಟನ ಯುಪಿಐಗಲ್ಲ, ಕಾರ್ಡ್ ಖಾತೆಗೇ ಕಟ್ಟಿ. ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲ ಮರುಪಾವತಿಯ ದಾಖಲೆ) ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ವರ್ಷಗಟ್ಟಲೆ ಉಳಿಯುತ್ತದೆ, ಮುಂದೆ ಮನೆಗೋ ಬೋಟಿಗೋ ಸಾಲ ಕೇಳಿದಾಗ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. ಶುಲ್ಕ ಪಡೆದು ಸಿಬಿಲ್ ‘ಸರಿ ಮಾಡಿಕೊಡುವ’ವರ ಹತ್ತಿರ ಅದನ್ನು ಅಳಿಸುವ ಯಾವ ಅಧಿಕಾರವೂ ಇಲ್ಲ.

ತೀರಿಸಿದ ಮೇಲೆ

ಬಿಲ್‌ನಲ್ಲಿದ್ದ ಪೂರ್ತಿ ಬಾಕಿ ಕಟ್ಟಿದ ಮುಂದಿನ ತಿಂಗಳು ಮತ್ತೆ ಮುನ್ನೂರೋ ನಾನೂರೋ ಬರುತ್ತದೆ. ಅದು ಮೋಸವಲ್ಲ, ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ. ಇದನ್ನು ಗಮನಿಸದೆ ಬಿಟ್ಟು ಲೇಟ್ ಫೀ ಬೆಳೆಸಿಕೊಂಡು, ಸಣ್ಣ ಮೊತ್ತಕ್ಕೆ ಸಿಬಿಲ್ ಕೆಡಿಸಿಕೊಂಡವರು ಬಹಳ. ಕಸ್ಟಮರ್ ಕೇರ್‌ಗೆ ಕರೆ ಮಾಡಿ ‘ಇವತ್ತಿಗೆ ಸೊನ್ನೆಯಾಗಲು ಎಷ್ಟು’ ಎಂದು ಕೇಳಿ ಕಟ್ಟಿ, ಮುಂದಿನ ಎರಡು ಬಿಲ್ ಸೊನ್ನೆ ಬರುವುದನ್ನು ನೋಡಿ.

ವಾರ್ಷಿಕ ಶುಲ್ಕವಿಲ್ಲದ, ಎಲ್ಲಕ್ಕಿಂತ ಹಳೆಯ ಒಂದು ಕಾರ್ಡನ್ನು ಇಟ್ಟುಕೊಂಡು ಮಿತಿಯನ್ನು ಇಳಿಸಿಕೊಳ್ಳಬಹುದು. ಉಳಿದವನ್ನು ಮುಚ್ಚಿಸಿ. ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಸಲ್ಲಬೇಕು. ಮುಚ್ಚಿದ್ದಕ್ಕೆ ಇಮೇಲ್ ಮತ್ತು ನೋ ಡ್ಯೂ ಪತ್ರ ಪಡೆಯಿರಿ. ಒಂದೂವರೆ ತಿಂಗಳ ನಂತರ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕರಿಂದಲೂ ವರ್ಷಕ್ಕೊಮ್ಮೆ ಸಿಗುವ ಉಚಿತ ವರದಿ ತೆಗೆದು ‘ಕ್ಲೋಸ್ಡ್’, ಬಾಕಿ ಸೊನ್ನೆ ಎಂದಿದೆಯೇ ನೋಡಿ. ಕಾರ್ಡನ್ನು ಕತ್ತರಿಸುವಾಗ ಚಿಪ್ ಮತ್ತು ಹಿಂದಿನ ಕಪ್ಪು ಪಟ್ಟಿ ಎರಡೂ ತುಂಡಾಗುವಂತೆ ಅಡ್ಡಕ್ಕೂ ಉದ್ದಕ್ಕೂ ಕತ್ತರಿಸಿ.